ಓಬವ್ವನ ಆಚೆಗೆ ಜಯಂತಿ

ಒನಕೆ ಓಬವ್ವ ನೋಡಲು ಹೇಗಿದ್ದಳೆಂಬುದು ಯಾರಿಗೂ ಗೊತ್ತಿಲ್ಲ. ಹದಿನೆಂಟನೇ ಶತಮಾನದ ಚಿತ್ರದುರ್ಗದಲ್ಲಿ ಕೋಟೆ ಕಾವಲುಗಾರನೊಬ್ಬನ ಹೆಂಡತಿಯ ಚಿತ್ರ ಬರೆದಿಡಬೇಕೆಂದು ಯಾರಿಗೂ ಅನಿಸಿರಲಾರದು. ಆದರೂ ಓಬವ್ವ ಎಂದೊಡನೆ ಇಂದು ಕನ್ನಡಿಗರ ಕಣ್ಣ ಮುಂದೆ ಒಂದು ಮುಖ ಬಂದು ನಿಲ್ಲುತ್ತದೆ. ಅದು ನಟಿ ಜಯಂತಿಯವರ ಮುಖ. 1972ರಲ್ಲಿ ಬಂದ ಪುಟ್ಟಣ್ಣ ಕಣಗಾಲ್ ಅವರ ‘ನಾಗರಹಾವು’ ಚಿತ್ರದ ಒಂದು ಹಾಡಿನಷ್ಟು ಹೊತ್ತು ಮಾತ್ರ ಅವರು ಓಬವ್ವನಾಗಿದ್ದರು. ಆ ಕೆಲವು ನಿಮಿಷಗಳು ಒಂದು ಐತಿಹ್ಯಕ್ಕೆ ಶಾಶ್ವತವಾದ ಮುಖ ಕೊಟ್ಟವು. ಜೊತೆಗೆ ಐದು ದಶಕಗಳ ಒಂದು ಕಲಾಜೀವನವನ್ನು ತಮ್ಮ ನೆರಳಿಗೆ ತಳ್ಳಿದವು.

ಜಯಂತಿಯವರು 2021ರ ಜುಲೈ 26ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅದೇ ವರ್ಷ ರಾಜ್ಯ ಸರ್ಕಾರ ನವೆಂಬರ್ 11ರಂದು ಓಬವ್ವ ಜಯಂತಿಯನ್ನು ಆಚರಿಸಲು ತೀರ್ಮಾನಿಸಿತು. ನಟಿ ಮರೆಯಾದ ವರ್ಷವೇ ಪಾತ್ರ ಸರ್ಕಾರಿ ಕ್ಯಾಲೆಂಡರಿಗೆ ಬಂತು. ಇಂದು ಚಿತ್ರದುರ್ಗದ ಕ್ರೀಡಾಂಗಣಕ್ಕೆ ಓಬವ್ವನ ಹೆಸರಿದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಶಾಲಾ ವಾರ್ಷಿಕೋತ್ಸವಗಳಲ್ಲಿ, ರಾಜ್ಯೋತ್ಸವದ ವೇದಿಕೆಗಳಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ರಟ್ಟಿನ ಒನಕೆ ಎತ್ತುವ ಹುಡುಗಿಯರು ತಮಗೆ ಗೊತ್ತಿಲ್ಲದೆಯೇ ಜಯಂತಿಯವರನ್ನು ಅನುಕರಿಸುತ್ತಾರೆ. ಅವರು ಕಲಿತಿರುವುದು ಇತಿಹಾಸದ ಪುಸ್ತಕದಿಂದಲ್ಲ, ಸಿನಿಮಾದ ಹಾಡಿನಿಂದ.

ಒಬ್ಬ ನಟಿಗೆ ಇದಕ್ಕಿಂತ ದೊಡ್ಡ ಗೌರವ ಬೇಕೆ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ‘ಅಭಿನಯ ಶಾರದೆ’ ಎಂದು ನಾಡು ಕರೆದ, ರಾಜ್ಯ ಸರ್ಕಾರದ ಪ್ರಶಸ್ತಿಯನ್ನು ಮತ್ತೆ ಮತ್ತೆ ಪಡೆದ ನಟಿಯೊಬ್ಬರ ನೂರಾರು ಪಾತ್ರಗಳ ನಡುವೆ ನಾವು ಈ ಒಂದನ್ನೇ ಯಾಕೆ ಎತ್ತಿ ಹಿಡಿದೆವು? ಉಳಿದವನ್ನು ಯಾಕೆ ಮರೆತೆವು? ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ನಟಿಯ ಕಥೆಯ ಜೊತೆಗೆ ನಮ್ಮ ಸಮಾಜದ ಕಥೆಯೂ ಬಿಚ್ಚಿಕೊಳ್ಳುತ್ತದೆ.

ದುರ್ಗದ ಲೇಖಕ, ಬಳ್ಳಾರಿಯ ನಟಿ

ಜಯಂತಿ ಹುಟ್ಟಿದ್ದು 1945ರಲ್ಲಿ ಬಳ್ಳಾರಿಯಲ್ಲಿ. ಹುಟ್ಟು ಹೆಸರು ಕಮಲಾಕುಮಾರಿ. ಮಗಳು ಶಾಸ್ತ್ರೀಯ ನೃತ್ಯಗಾತಿಯಾಗಬೇಕೆಂಬುದು ತಾಯಿಯ ಆಸೆಯಾಗಿತ್ತು. ಮದರಾಸಿನಲ್ಲಿ ನೃತ್ಯ ಕಲಿಯುತ್ತಿದ್ದ ಹುಡುಗಿ ನಿರ್ದೇಶಕ ವೈ. ಆರ್. ಸ್ವಾಮಿಯವರ ಕಣ್ಣಿಗೆ ಬಿದ್ದದ್ದು, ಅವರ ‘ಜೇನುಗೂಡು’ (1963) ಚಿತ್ರದ ಮೂಲಕ ಜಯಂತಿ ಎಂಬ ಹೊಸ ಹೆಸರಿನಲ್ಲಿ ತೆರೆಗೆ ಬಂದದ್ದು ಹಲವರಿಗೆ ಗೊತ್ತಿರುವ ಸಂಗತಿ. ಗುಬ್ಬಿ ಕಂಪೆನಿಯಂಥ ನಾಟಕ ಮಂಡಳಿಗಳಲ್ಲಿ ಪಳಗಿ ಬಂದ ಹಿಂದಿನ ತಲೆಮಾರಿನ ಕಲಾವಿದರಿಗಿಂತ ಅವರ ದಾರಿ ಬೇರೆಯಾಗಿತ್ತು. ಅವರ ಅಭಿನಯ ಮಾತಿಗಿಂತ ಮೊದಲು ದೇಹದಿಂದ ಶುರುವಾಗುತ್ತಿತ್ತು. ನಿಲ್ಲುವ ಭಂಗಿ, ಕತ್ತು ತಿರುಗಿಸುವ ವೇಗ, ನಡಿಗೆಯ ಬಿರುಸು ಇವುಗಳಲ್ಲೇ ಪಾತ್ರದ ಅರ್ಧ ಭಾಗ ಮೂಡಿಬಿಡುತ್ತಿತ್ತು. ಮಾತಿಲ್ಲದ ಓಬವ್ವ ಅವರ ಕೈಯಲ್ಲಿ ಗೆದ್ದದ್ದಕ್ಕೆ ಇದೂ ಒಂದು ಕಾರಣ.

ಅವರ ಕಲಾಜೀವನದ ಮೂರು ಮುಖ್ಯ ಘಟ್ಟಗಳಲ್ಲಿ ಚಿತ್ರದುರ್ಗದ ಒಬ್ಬ ಲೇಖಕರು ಕಾಣಿಸಿಕೊಳ್ಳುತ್ತಾರೆಂಬುದು ಅಷ್ಟಾಗಿ ಯಾರೂ ಗಮನಿಸದ ವಿಷಯ. ಅವರು ಚಳ್ಳಕೆರೆ ತಾಲೂಕಿನ ತಳುಕಿನ ಮನೆತನದ ತ. ರಾ. ಸುಬ್ಬರಾವ್, ನಾಡಿಗೆಲ್ಲ ತರಾಸು. ಜಯಂತಿ ಇನ್ನೂ ಹೊಸಬರಾಗಿದ್ದಾಗ ನಟಿಸಿದ ‘ಚಂದವಳ್ಳಿಯ ತೋಟ’ (1964) ತರಾಸು ಕಾದಂಬರಿಯಿಂದ ಬಂದದ್ದು. ಹಳ್ಳಿಯ ಒಂದು ಮನೆ ಒಡೆಯುವ ಕಥೆಯಾದ ಈ ಚಿತ್ರ ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಖ್ಯಾತಿಯ ನಡುಹಗಲಿನಲ್ಲಿ ‘ನಾಗರಹಾವು’ ಬಂತು. ಅದು ತರಾಸು ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಹೆಣೆದು ಮಾಡಿದ ಚಿತ್ರ. ನಾಯಕಿಯ ಪಾತ್ರಗಳಿಂದ ಆಚೆ ಹೆಜ್ಜೆಯಿಡುವ ಕಾಲಕ್ಕೆ ‘ಮಸಣದ ಹೂವು’ (1985) ಬಂತು. ಅದೂ ತರಾಸು ಅವರದೇ. ಈ ಮೂರು ಚಿತ್ರಗಳನ್ನು ಸಾಲಾಗಿಟ್ಟು ನೋಡಿದರೆ ಕನ್ನಡ ಚಿತ್ರರಂಗ ಒಬ್ಬ ನಟಿಯನ್ನು ಎಲ್ಲಿಂದ ಎಲ್ಲಿಗೆ ಕರೆದುಕೊಂಡು ಹೋಯಿತೆಂಬುದು ತಿಳಿಯುತ್ತದೆ. ಮೊದಲನೆಯದರಲ್ಲಿ ಅವರು ಮನೆಯ ಒಳಗಿದ್ದಾರೆ. ಎರಡನೆಯದರಲ್ಲಿ ಕೋಟೆಯ ಕಿಂಡಿಯ ಬಳಿ ಇದ್ದಾರೆ. ಮೂರನೆಯದರಲ್ಲಿ ಸಮಾಜ ಕಣ್ಣೆತ್ತಿ ನೋಡಲು ಹೇಸುವ ವೇಶ್ಯಾಗೃಹದಲ್ಲಿದ್ದಾರೆ.

ಉಡುಪಿನ ಮೇಲೆ ಕಣ್ಣು

ಜಯಂತಿಯವರನ್ನು ತಾರೆಯಾಗಿ ಮಾಡಿದ ಚಿತ್ರ 1965ರ ‘ಮಿಸ್ ಲೀಲಾವತಿ’. ಎಂ. ಆರ್. ವಿಠ್ಠಲ್ ನಿರ್ದೇಶಿಸಿದ ಆ ಚಿತ್ರದಲ್ಲಿ ಅವರು ತೊಟ್ಟ ಸ್ಕರ್ಟು, ಟೀ ಶರ್ಟು, ಈಜುಡುಗೆಗಳು ಅಂದು ಕನ್ನಡದ ಮಟ್ಟಿಗೆ ದೊಡ್ಡ ಸುದ್ದಿಯಾಗಿದ್ದವು. ಅಂದಿನಿಂದ ‘ದಿಟ್ಟ ನಟಿ’ ಎಂಬ ವಿಶೇಷಣ ಅವರ ಹೆಸರಿಗೆ ಅಂಟಿಕೊಂಡಿತು. ಅವರ ಬಗ್ಗೆ ಬಂದ ಲೇಖನಗಳಲ್ಲಿ ಬಹುಪಾಲು ಇಂದಿಗೂ ಈ ಉಡುಪಿನ ಮಾತಿನಿಂದಲೇ ಶುರುವಾಗುತ್ತವೆ.

ಹೆಣ್ಣಿನ ದೇಹವನ್ನು ಮಾರಾಟದ ಸರಕಾಗಿಸುವ ಚಿತ್ರೋದ್ಯಮದ ಬಗ್ಗೆ ಈ ಪತ್ರಿಕೆಯ ಓದುಗರಿಗೆ ಹೊಸದಾಗಿ ಹೇಳಬೇಕಾದ್ದಿಲ್ಲ. ಆದರೆ ‘ಮಿಸ್ ಲೀಲಾವತಿ’ಯ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮನಬಂದಂತೆ ಬದುಕುವ ಹಕ್ಕು ತನಗಿದೆಯೆಂದು ನಂಬಿದ ಆಧುನಿಕ ಹುಡುಗಿಯ ಕಥೆ ಅದು. ಚಿತ್ರ ಅವಳ ಉಡುಪನ್ನು ತೋರಿಸಿ ಜನರನ್ನು ಟಾಕೀಸಿಗೆ ಕರೆಯುತ್ತದೆ, ಒಳಗೆ ಬಂದವರಿಗೆ ಅವಳ ಬದುಕನ್ನೇ ಎಚ್ಚರಿಕೆಯ ಪಾಠವಾಗಿ ಒಪ್ಪಿಸುತ್ತದೆ. ಟಿಕೆಟ್ಟಿನ ದುಡ್ಡೂ ಬೇಕು, ನೀತಿಯ ಹೆಗ್ಗಳಿಕೆಯೂ ಬೇಕು. ನಷ್ಟವೆಲ್ಲ ಹುಡುಗಿಯ ಪಾಲಿಗೆ. ಜಯಂತಿಯವರ ಹೆಚ್ಚುಗಾರಿಕೆ ಇರುವುದು ಇಲ್ಲೇ. ಉಪದೇಶಕ್ಕೆ ಉದಾಹರಣೆಯಾಗಿ ಬರೆದ ಪಾತ್ರವನ್ನು ಅವರು ಮನುಷ್ಯಳನ್ನಾಗಿ ಮಾಡುತ್ತಾರೆ. ಲೀಲಾವತಿಯನ್ನು ನೋಡಿ ಎದ್ದು ಹೊರಟವರಿಗೆ ಅವಳ ಬಗ್ಗೆ ತಿರಸ್ಕಾರ ಉಳಿಯುವುದಿಲ್ಲ, ಮರುಕ ಉಳಿಯುತ್ತದೆ.

ಹೆಣ್ಣಿನ ಮೈಮೇಲೆ ಏನಿದೆ ಎಂಬುದನ್ನು ಅಳೆದು ಅವಳ ಯೋಗ್ಯತೆ ನಿರ್ಧರಿಸುವ ಕಣ್ಣು ಒಂದು ಕಾಲಕ್ಕೆ, ಒಂದು ಸಮುದಾಯಕ್ಕೆ ಸೀಮಿತವಾದದ್ದಲ್ಲ. 1965ರಲ್ಲಿ ಕಡಿಮೆ ಬಟ್ಟೆಗಾಗಿ ಒಬ್ಬ ನಟಿಯ ನಡತೆಯನ್ನು ಅಳೆದ ಸಮಾಜವೇ 2022ರಲ್ಲಿ ಹೆಚ್ಚು ಬಟ್ಟೆಗಾಗಿ, ಕೇವಲ ಒಂದು ತಲೆವಸ್ತ್ರಕ್ಕಾಗಿ, ಹೆಣ್ಣುಮಕ್ಕಳನ್ನು ಕಾಲೇಜಿನ ಗೇಟಿನಲ್ಲಿ ನಿಲ್ಲಿಸಿತು. ಎರಡೂ ಕಡೆ ತೀರ್ಪು ಕೊಟ್ಟವರು ಹೊರಗಿನವರು, ಎರಡೂ ಕಡೆ ಆ ಹುಡುಗಿಯನ್ನು ಕೇಳಿದವರಿಲ್ಲ. ನಟಿಯ ಉಡುಪಿನ ಬಗ್ಗೆ ನಮಗೆ ನಮ್ಮದೇ ಅಭಿಪ್ರಾಯವಿರಬಹುದು. ಆದರೆ ಅದನ್ನು ಅವಳ ಮಾನದ ಅಳತೆಗೋಲಾಗಿಸುವ ಹಕ್ಕು ನಮಗಿಲ್ಲ ಎಂಬುದನ್ನು ಗೇಟಿನ ಹೊರಗೆ ನಿಂತ ಹುಡುಗಿಯರ ಸಂಕಟ ಕಂಡವರಾದರೂ ಒಪ್ಪಬೇಕು.

ದಿಟ್ಟತನಕ್ಕೆ ವಿಧಿಸಿದ ತೆರಿಗೆ

‘ಮಿಸ್ ಲೀಲಾವತಿ’ ಹಾಕಿಕೊಟ್ಟ ಈ ಮಾದರಿ ಜಯಂತಿಯವರ ಬೆನ್ನು ಬಿಡಲಿಲ್ಲ. ಅವರಿಗೆ ಸಿಕ್ಕ ಗಟ್ಟಿ ಪಾತ್ರಗಳಲ್ಲಿ ಹೆಚ್ಚಿನವು ಬಲವುಳ್ಳ ಹೆಣ್ಣುಗಳದ್ದು. ಆದರೆ ಆ ಬಲಕ್ಕೆ ಚಿತ್ರ ಪ್ರತಿ ಬಾರಿಯೂ ಒಂದು ತೆರಿಗೆ ಹಾಕುತ್ತದೆ. ಒಂದೋ ಅವಳನ್ನು ಪಳಗಿಸಬೇಕು, ಇಲ್ಲವೇ ದಂಡಿಸಬೇಕು.

ಪಳಗಿಸುವುದಕ್ಕೆ ಉದಾಹರಣೆ 1976ರ ‘ಬಹದ್ದೂರ್ ಗಂಡು’. ಗರ್ವಿಷ್ಠ ರಾಜಕುಮಾರಿಯ ಪಾತ್ರದಲ್ಲಿ ಜಯಂತಿ ಮಿಂಚುತ್ತಾರೆ. ಡಾ. ರಾಜ್‌ಕುಮಾರ್ ಅವರಂಥ ನಟನ ಎದುರು ತೂಕ ಕಳೆದುಕೊಳ್ಳದೆ ನಿಲ್ಲಬಲ್ಲ ನಾಯಕಿಯರು ಕಡಿಮೆ, ಜಯಂತಿ ಆ ಕೆಲವರಲ್ಲಿ ಒಬ್ಬರು. ಆದರೆ ರಾಜಕುಮಾರಿಯ ಗರ್ವವನ್ನು ಹಳ್ಳಿಯ ಗಂಡು ಇಳಿಸುವುದೇ ಕಥೆಯ ಗುರಿ. ಆಳುವವರ ದರ್ಪವನ್ನು ದುಡಿಯುವವನೊಬ್ಬ ಮುರಿಯುವ ಕಥೆಯಾಗಿ ಅದಕ್ಕೆ ಸಿಕ್ಕ ಚಪ್ಪಾಳೆಯಲ್ಲಿ ನ್ಯಾಯವಿದೆ. ಆದರೆ ಮುರಿಯುವುದಕ್ಕೆ ಸಿಕ್ಕ ದರ್ಪ ರಾಜನದ್ದಾಗಿರದೆ ಮಗಳದ್ದಾಗಿತ್ತು ಎಂಬುದನ್ನು ಪ್ರೇಕ್ಷಕ ಗಮನಿಸಲಿಲ್ಲ.

ದಂಡಿಸುವುದಕ್ಕೆ ಉದಾಹರಣೆ 1973ರ ‘ಎಡಕಲ್ಲು ಗುಡ್ಡದ ಮೇಲೆ’. ಭಾರತೀಸುತರ ಕಾದಂಬರಿಯನ್ನು ಪುಟ್ಟಣ್ಣ ತೆರೆಗೆ ತಂದರು. ದಾಂಪತ್ಯದಲ್ಲಿ ಸುಖ ಕಾಣದ ಮಾಧವಿ ತನಗಿಂತ ಕಿರಿಯನಾದ ಯುವಕನತ್ತ ವಾಲುತ್ತಾಳೆ. ಇಂಥ ಪಾತ್ರ ಒಪ್ಪಿಕೊಳ್ಳಲು ಅಂದು ಎಷ್ಟು ಎದೆಗಾರಿಕೆ ಬೇಕಿತ್ತೆಂಬುದನ್ನು ಇಂದು ಊಹಿಸುವುದು ಕಷ್ಟ. ಜಯಂತಿ ಇಲ್ಲಿ ಮಾಡಿರುವ ಕೆಲಸ ಅವರ ಕಲಾಜೀವನದ ಶಿಖರವೆನ್ನಲಡ್ಡಿಯಿಲ್ಲ. ಮಾಧವಿಯ ಆಸೆಯನ್ನು ಅವರು ಚಪಲವೆಂದು ತೋರಿಸುವುದಿಲ್ಲ, ತ್ಯಾಗದ ಬಣ್ಣವನ್ನೂ ಬಳಿಯುವುದಿಲ್ಲ. ಒಂದು ನೋಟ ಮೂಡಿ, ಅದು ಮೂಡಿತೆಂದು ತನಗೇ ಗೊತ್ತಾಗಿ, ಆ ಅರಿವಿಗೆ ಬೆಚ್ಚಿ, ಮತ್ತೆ ಅದೇ ನೋಟಕ್ಕೆ ಸೋಲುವ ಹೆಣ್ಣಿನ ಒಳತೋಟಿ ಅವರ ಮುಖದಲ್ಲಿ ಹಂತಹಂತವಾಗಿ ಕಾಣುತ್ತದೆ. ಮಾಧವಿಯ ನಡೆ ನಮ್ಮ ಧರ್ಮಕ್ಕೂ ಸಮಾಜಕ್ಕೂ ಒಪ್ಪಿತವಲ್ಲ. ಆದರೆ ತಪ್ಪು ಮಾಡಿದವಳ ಒಳಗನ್ನು ಅರಿತುಕೊಳ್ಳುವುದು ತಪ್ಪನ್ನು ಒಪ್ಪಿಕೊಂಡಂತಲ್ಲ. ತೀರ್ಪು ಕೊಡುವ ಮುನ್ನ ಕೇಳಿಸಿಕೊಳ್ಳಬೇಕೆಂಬ ನ್ಯಾಯವನ್ನು ಕಲೆಯೂ ಕಲಿಸುತ್ತದೆ. ಚಿತ್ರ ಮಾಧವಿಗೆ ಸುಖಾಂತ್ಯ ಕೊಡುವುದಿಲ್ಲ. ಜಯಂತಿಗೆ ಮಾತ್ರ 1973-74ರ ಸಾಲಿನ ರಾಜ್ಯದ ಶ್ರೇಷ್ಠ ನಟಿ ಪ್ರಶಸ್ತಿ ಕೊಟ್ಟಿತು. ಪಾತ್ರಕ್ಕೆ ಶಿಕ್ಷೆ, ಪಾತ್ರಧಾರಿಗೆ ಸನ್ಮಾನ!

ಮುಂದೆ ‘ಮನಸ್ಸಿನಂತೆ ಮಾಂಗಲ್ಯ’, ‘ಧರ್ಮ ದಾರಿ ತಪ್ಪಿತು’ ಚಿತ್ರಗಳಿಗೂ ಅದೇ ಪ್ರಶಸ್ತಿ ಬಂತು. ‘ಮಸಣದ ಹೂವು’, ‘ಆನಂದ್’ ಚಿತ್ರಗಳಿಗೆ ಶ್ರೇಷ್ಠ ಪೋಷಕನಟಿ ಪ್ರಶಸ್ತಿಗಳು ಬಂದವು. ರಾಷ್ಟ್ರಮಟ್ಟದ ಶ್ರೇಷ್ಠ ನಟಿ ಪ್ರಶಸ್ತಿ ಮಾತ್ರ ಅವರ ಮನೆಬಾಗಿಲಿಗೆ ಬರಲಿಲ್ಲ.

ಇದೇ ನಟಿಯನ್ನು ತಮಿಳಿನಲ್ಲಿ ಕೆ. ಬಾಲಚಂದರ್ ಹೇಗೆ ಬಳಸಿಕೊಂಡರು ಎಂಬುದನ್ನೂ ನೋಡಬೇಕು. ‘ಎದಿರ್ ನೀಚ್ಚಲ್’ (1968), ‘ಇರು ಕೋಡುಗಳ್’ (1969), ‘ಪುನ್ನಗೈ’ (1971) ಮುಂತಾದ ಚಿತ್ರಗಳಲ್ಲಿ ಜಯಂತಿ ಇದ್ದಾರೆ. ‘ಇರು ಕೋಡುಗಳ್’ನಲ್ಲಿ ಅವರು ಒಬ್ಬ ಗುಮಾಸ್ತನ ಎರಡನೇ ಹೆಂಡತಿ. ಗಂಡನ ಕಚೇರಿಗೆ ಕಲೆಕ್ಟರಾಗಿ ಬಂದವಳು ಅವನ ಮೊದಲ ಹೆಂಡತಿ. ಈ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡ, ದೊಡ್ಡ ಓದಿಲ್ಲದ, ಅಸೂಯೆ ಮತ್ತು ಭಯ ಎರಡೂ ಇರುವ ಸಾಧಾರಣ ಗೃಹಿಣಿಯಾಗಿ ಅವರು ಕಾಣಿಸಿಕೊಳ್ಳುತ್ತಾರೆ. ಅಲ್ಲಿ ಗ್ಲಾಮರಿಲ್ಲ, ವೀರಾವೇಶವಿಲ್ಲ. ಅಂಥ ನೆಲದ ಮೇಲಿನ ಪಾತ್ರಗಳು ಕನ್ನಡದಲ್ಲಿ ಅವರಿಗೆ ಇನ್ನಷ್ಟು ಸಿಕ್ಕಿದ್ದರೆ ನಮ್ಮ ನೆನಪಿನ ಜಯಂತಿ ಬೇರೆಯೇ ಆಗಿರುತ್ತಿದ್ದರೇನೋ.

ಕಿಂಡಿಯ ಬಳಿ

ಈಗ ಓಬವ್ವನ ಬಳಿಗೆ ಬರೋಣ. ‘ನಾಗರಹಾವು’ ಚಿತ್ರದ ಕಥೆಗೂ ಓಬವ್ವನಿಗೂ ನೇರ ಸಂಬಂಧವಿಲ್ಲ. ರಾಮಾಚಾರಿ, ಚಾಮಯ್ಯ ಮೇಷ್ಟ್ರು, ಅಲಮೇಲು, ಮಾರ್ಗರೆಟ್ಟರ ಕಥೆಯ ನಡುವೆ ದುರ್ಗದ ಹೆಮ್ಮೆಯಾಗಿ ಆ ಹಾಡು ಬರುತ್ತದೆ. ಚಿ. ಉದಯಶಂಕರ್ ಸಾಹಿತ್ಯ, ವಿಜಯಭಾಸ್ಕರ್ ಸಂಗೀತ, ಪಿ. ಬಿ. ಶ್ರೀನಿವಾಸ್ ಧ್ವನಿ. ಕಥೆ ಹೇಳುವ ಬಾಯಿ ಓಬವ್ವನದಲ್ಲ, ಅವಳನ್ನು ಕೊಂಡಾಡುವ ಗಂಡುಧ್ವನಿಯೊಂದು ಹೇಳುತ್ತಾ ಹೋಗುತ್ತದೆ. ಜಯಂತಿಗೆ ಉಳಿದಿರುವುದು ಕಣ್ಣು, ಕೈ, ಮೈ ಮಾತ್ರ.

ಅಷ್ಟರಲ್ಲೇ ಅವರು ಏನು ಮಾಡಿದರು? ಅವರ ಓಬವ್ವ ಮೊದಲಿಗೆ ವೀರವನಿತೆಯಲ್ಲ. ಉಣ್ಣುವ ಗಂಡನಿಗೆ ನೀರು ತರಲು ಹೊರಟ ಹೆಂಗಸು. ಕಿಂಡಿಯಲ್ಲಿ ನುಸುಳುತ್ತಿರುವವರು ಕಂಡಾಗ ಅವಳ ಮುಖದಲ್ಲಿ ಮೊದಲು ಬರುವುದು ಗಾಬರಿ. ಉಣ್ಣುತ್ತಿರುವವನನ್ನು ಎಬ್ಬಿಸಬಾರದೆಂಬ ಮನೆಯವಳ ಎಣಿಕೆ ಆಮೇಲಿನದು. ಕೈಗೆ ಸಿಕ್ಕಿದ್ದು ಒನಕೆ. ದಿನವೂ ಭತ್ತ ಕುಟ್ಟುವ ತೋಳಿಗೆ ಅದರ ತೂಕ ಗೊತ್ತು. ಮೊದಲ ಏಟಿನ ತನಕ ಇದ್ದ ಅಳುಕು ಎರಡನೆಯದಕ್ಕೆ ಇಲ್ಲ. ಬಿದ್ದವರನ್ನು ಪಕ್ಕಕ್ಕೆ ಎಳೆಯುವಾಗ ಅವಳು ಕೆಲಸ ಮಾಡುತ್ತಿದ್ದಾಳೆ, ಕುಣಿಯುತ್ತಿಲ್ಲ. ಶಾಲೆಯ ವೇದಿಕೆಗಳಲ್ಲಿ ಈ ಹಾಡು ಆವೇಶದ ನೃತ್ಯವಾಗಿದೆ. ಮೂಲದಲ್ಲಿ ಅದು ದುಡಿಯುವ ಹೆಣ್ಣೊಬ್ಬಳ ದುಡಿಮೆಯೇ ಯುದ್ಧವಾಗಿ ಬದಲಾಗುವ ದೃಶ್ಯ. ಓಬವ್ವ ಛಲವಾದಿ ಕುಲದವಳೆಂಬ, ದಲಿತ ಹೆಣ್ಣುಮಗಳೆಂಬ ಸಂಗತಿಯನ್ನು ಹಾಡು ಒತ್ತಿ ಹೇಳುವುದಿಲ್ಲ. ಆದರೆ ನಟಿಯ ತೋಳುಗಳಿಗೆ ಅದು ಗೊತ್ತಿದ್ದಂತಿದೆ.

ಇಲ್ಲಿ ಒಂದು ಅಂಶ ಗಮನಿಸಬೇಕು. ಲೀಲಾವತಿಯನ್ನು, ಮಾಧವಿಯನ್ನು, ರಾಜಕುಮಾರಿಯನ್ನು ಪಳಗಿಸಿದ, ದಂಡಿಸಿದ ಅದೇ ಪ್ರೇಕ್ಷಕ ಓಬವ್ವನಿಗೆ ಮಾತ್ರ ಪೂರ್ಣ ಮನಸ್ಸಿನಿಂದ ಕೈಮುಗಿಯುತ್ತಾನೆ. ಯಾಕೆಂದರೆ ಓಬವ್ವನ ಬಲ ಮನೆಯೊಳಗಿನ ಯಾರನ್ನೂ ಪ್ರಶ್ನಿಸುವುದಿಲ್ಲ. ಅದು ಗಂಡನ ಊಟ ಕೆಡದಂತೆ ನೋಡಿಕೊಂಡು ಹೊರಗಿನವನ ಮೇಲೆ ಎರಗುತ್ತದೆ. ಇಂಥ ಬಲವನ್ನು ಪೂಜಿಸುವುದು ಸುಲಭ. ಜಯಂತಿಯವರ ನೂರಾರು ಪಾತ್ರಗಳಲ್ಲಿ ನಾವು ಇದನ್ನೇ ಆರಿಸಿಕೊಂಡದ್ದಕ್ಕೆ ಇದು ಮುಖ್ಯ ಕಾರಣ.

ಹೊರಗಿನವನು ಯಾರು?

ಹಾಗಾದರೆ ಆ ಹೊರಗಿನವನು ಯಾರು? ಐತಿಹ್ಯದ ಪ್ರಕಾರ ಹೈದರ್ ಅಲಿಯ ಸೈನಿಕ. ಈ ಉತ್ತರವೇ ಮುಸ್ಲಿಂ ಪ್ರೇಕ್ಷಕನನ್ನು ಒಂದು ಇಕ್ಕಟ್ಟಿಗೆ ತಳ್ಳುತ್ತದೆ. ಇತ್ತೀಚಿನ ವರ್ಷಗಳಲ್ಲಿ ಓಬವ್ವನನ್ನು ಮತೀಯ ಕಣ್ಣಿನಿಂದ ಓದುವವರು ಹೆಚ್ಚಿರುವುದರಿಂದ ಆ ಇಕ್ಕಟ್ಟು ಇನ್ನಷ್ಟು ಬಿಗಿಯಾಗಿದೆ.

ಇತಿಹಾಸವನ್ನು ಇದ್ದಂತೆ ನೋಡುವುದು ಒಳ್ಳೆಯದು. ಹೈದರ್ ದುರ್ಗಕ್ಕೆ ಮುತ್ತಿಗೆ ಹಾಕಿದ್ದು ನಿಜ, 1779ರಲ್ಲಿ ಕೋಟೆ ಅವನ ವಶವಾದದ್ದು ನಿಜ, ಸೋತ ದುರ್ಗದ ಬೇಡರನ್ನು ದೊಡ್ಡ ಸಂಖ್ಯೆಯಲ್ಲಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದೂ ನಿಜ. ಅದನ್ನು ಮರೆಮಾಚುವ ಅಗತ್ಯ ಯಾರಿಗೂ ಇಲ್ಲ. ಅದರ ಜೊತೆಗೇ ಇರುವ ಇನ್ನೊಂದು ನಿಜವೆಂದರೆ, ಮದಕರಿ ನಾಯಕ ಒಮ್ಮೆ ಹೈದರನ ಜೊತೆಗೂ ಒಮ್ಮೆ ಮರಾಠರ ಜೊತೆಗೂ ನಿಂತವನು. ಅವನ ಸೇವೆಯಲ್ಲಿ ಮುಸ್ಲಿಂ ಅಧಿಕಾರಿಗಳೂ ಆಳುಗಳೂ ಇದ್ದರು. ಅವರಲ್ಲಿ ಕೆಲವರು ಹೈದರನ ಕಡೆ ವಾಲಿದ್ದರಿಂದ ಕೋಟೆ ಬಿತ್ತೆಂದು ಬಿ. ಎಲ್. ರೈಸ್ ಬರೆದಿದ್ದಾರೆ. ದ್ರೋಹ ಬಗೆದವರಿದ್ದರು ಎನ್ನುವುದಕ್ಕೆ, ಅದಕ್ಕೂ ಮುನ್ನ ನಂಬಿಕೆಯಿಟ್ಟು ಕ್ಷೇತ್ರ ಒಪ್ಪಿಸಿದವರಿದ್ದರು ಎಂದೇ ಅರ್ಥ. ಹೈದರನ ಸೇನೆಯಲ್ಲಿ ಎಲ್ಲ ಜಾತಿ ಮತದವರೂ ಇದ್ದರು. ಅದು ರಾಜ್ಯಕ್ಕಾಗಿ ನಡೆದ ಯುದ್ಧ. ಕಿಂಡಿಯಲ್ಲಿ ತಲೆ ತೂರಿಸಿದವನ ಮತ ಯಾವುದೆಂದು ಓಬವ್ವ ಕೇಳಲಿಲ್ಲ, ಜಯಂತಿಯವರ ಮುಖದಲ್ಲೂ ಆ ಪ್ರಶ್ನೆ ಇಲ್ಲ. ಇದ್ದದ್ದು ತನ್ನ ಜನರನ್ನು ಉಳಿಸಿಕೊಳ್ಳುವ ಆತುರ ಮಾತ್ರ. ಆದ್ದರಿಂದ ಚಿತ್ರದುರ್ಗದ ಮುಸ್ಲಿಂ ಹುಡುಗಿಯೊಬ್ಬಳು ರಟ್ಟಿನ ಒನಕೆ ಎತ್ತಿದರೆ ಅದರಲ್ಲಿ ಅಚ್ಚರಿಪಡುವಂಥದ್ದೇನೂ ಇಲ್ಲ. ಓಬವ್ವ ಅವಳ ಊರಿನ ಹೆಣ್ಣುಮಗಳು.

ಚಿತ್ರದ ಬಗ್ಗೆ ಆದರೆ ಒಂದು ಮಾತು ಹೇಳಲೇಬೇಕು. ‘ನಾಗರಹಾವು’ ಚಿತ್ರದಲ್ಲಿ ಮುಸ್ಲಿಂ ಹೆಸರು ಇನ್ನೊಂದೆಡೆ ಬರುತ್ತದೆ. ಅಂಬರೀಷ್ ತಮ್ಮ ಮೊದಲ ಚಿತ್ರದಲ್ಲಿ ಮಾಡಿದ ಪಾತ್ರದ ಹೆಸರು ಜಲೀಲ. ಬೀದಿಯಲ್ಲಿ ನಿಂತು ಅಲಮೇಲುವನ್ನು ಚುಡಾಯಿಸುವ ಪುಂಡ. ರಾಮಾಚಾರಿ ಅವನನ್ನು ಹೊಡೆಯುವುದರಿಂದಲೇ ಅವನ ಪ್ರೇಮಕಥೆ ಶುರುವಾಗುತ್ತದೆ. ಅಂದರೆ ಹಾಡಿನಲ್ಲಿ ಕಿಂಡಿಯ ಹೊರಗೆ ಒಬ್ಬ, ಕಥೆಯಲ್ಲಿ ಬೀದಿಯ ತುದಿಯಲ್ಲಿ ಒಬ್ಬ. ಹೆಣ್ಣಿಗೆ ಅಪಾಯ ಎರಡು ಸಲವೂ ಒಂದೇ ದಿಕ್ಕಿನಿಂದ. ಇದರ ಹಿಂದೆ ದುರುದ್ದೇಶವಿತ್ತೆಂದು ಹೇಳುವುದು ಅನ್ಯಾಯವಾದೀತು. ಜಲೀಲನ ಠೀವಿಯನ್ನು ಎಲ್ಲ ಮತದ ಹುಡುಗರೂ ಮೆಚ್ಚಿಕೊಂಡರು. ಅಂಬರೀಷ್ ಅಲ್ಲಿಂದಲೇ ನಾಡಿನ ತಾರೆಯಾದರು. ಆದರೂ ಇಡೀ ಚಿತ್ರದಲ್ಲಿ ನೆನಪಿನಲ್ಲುಳಿಯುವ ಮುಸ್ಲಿಂ ಹೆಸರು ಅದೊಂದೇ ಆದಾಗ ಟಾಕೀಸಿನಲ್ಲಿ ಕೂತ ಆ ಹೆಸರಿನ ಹುಡುಗನಿಗೆ ಹೇಗನಿಸಿರಬಹುದೆಂದು ಯೋಚಿಸುವುದು ವಿಮರ್ಶೆಯ ಕೆಲಸ.

ಕುತೂಹಲದ ಸಂಗತಿಯೆಂದರೆ ಈ ಹೆದರಿಕೆಯನ್ನು ಚಿತ್ರವೇ ಮುಂದೆ ಸುಳ್ಳಾಗಿಸುತ್ತದೆ. ಅಲಮೇಲುವಿನ ಬದುಕನ್ನು ಹಾಳು ಮಾಡಿದವನು ಜಲೀಲನಲ್ಲ. ಜಾತಿ ಬೇರೆಯೆಂದು ರಾಮಾಚಾರಿಯಿಂದ ಅವಳನ್ನು ಬಿಡಿಸಿ, ಹಿರಿಯರೆಲ್ಲ ಒಪ್ಪಿ ಕೊಟ್ಟ ಗಂಡ ಅವಳನ್ನು ವೇಶ್ಯಾವೃತ್ತಿಗೆ ತಳ್ಳುತ್ತಾನೆ. ಕಿಂಡಿಗೆ ಕಾವಲಿತ್ತು, ಬೀದಿಗೂ ಕಾವಲಿತ್ತು. ಕೇಡು ಮಂಗಳವಾದ್ಯದ ಜೊತೆ ಹೆಬ್ಬಾಗಿಲಿನಿಂದಲೇ ಬಂತು. ಮಾರ್ಗರೆಟ್ಟಳ ವಿಷಯದಲ್ಲೂ ಅಷ್ಟೇ. ರಾಮಾಚಾರಿಯನ್ನೂ ಅವಳನ್ನೂ ಬೆಟ್ಟದ ತುದಿಗೆ ತಂದು ನಿಲ್ಲಿಸಿದ್ದು ಹೊರಗಿನ ಶತ್ರುವಲ್ಲ, ಒಳಗಿನ ಜಾತಿ ಮತದ ಗೋಡೆ. ತರಾಸು ಅವರಿಗೆ ಚಿತ್ರ ತೃಪ್ತಿ ಕೊಡಲಿಲ್ಲವೆಂಬುದು ಪ್ರಸಿದ್ಧ. ಆದರೆ ಈ ಒಂದು ಸತ್ಯವನ್ನು ಪುಟ್ಟಣ್ಣ ಬಿಟ್ಟುಕೊಡಲಿಲ್ಲ. 2018ರಲ್ಲಿ ಹೊಸ ತಂತ್ರಜ್ಞಾನದೊಂದಿಗೆ ಚಿತ್ರ ಮತ್ತೆ ಬಿಡುಗಡೆಯಾದಾಗ ಜನ ಹಾಡಿಗೂ ಜಲೀಲನಿಗೂ ಶಿಳ್ಳೆ ಹೊಡೆದರು. ಅಲಮೇಲುವಿಗೆ ಏನಾಯಿತೆಂಬುದು ಮಾತ್ರ ಇಂದಿಗೂ ಯಾವ ಚರ್ಚೆಯ ವಸ್ತುವೂ ಆಗಿಲ್ಲ.

ಮಸಣದ ಹೂವು

ಓಬವ್ವನ ಹಾಡು ಕೈಬಿಟ್ಟ ಅಲಮೇಲುವಿನ ಪ್ರಶ್ನೆಯನ್ನು ಹದಿಮೂರು ವರ್ಷಗಳ ನಂತರ ಎತ್ತಿಕೊಂಡವರು ಅದೇ ಲೇಖಕ, ಅದೇ ನಿರ್ದೇಶಕ ಮತ್ತು ಅದೇ ಜಯಂತಿ ಎಂಬುದು ಕನ್ನಡ ಚಿತ್ರರಂಗದ ಅಪರೂಪದ ಸಂಗತಿಗಳಲ್ಲೊಂದು. ‘ಮಸಣದ ಹೂವು’ ಮಾರಾಟಕ್ಕೆ ಬಿದ್ದ ಹೆಣ್ಣುಗಳ ಕಥೆ. ಜಯಂತಿ ಇಲ್ಲಿ ವೇಶ್ಯಾಗೃಹ ನಡೆಸುವವಳು. ಅಂಬರೀಷ್ ತಲೆಹಿಡುಕ. ಮುಗ್ಧ ಹುಡುಗಿಯಾಗಿ ಬಂದ ಅಪರ್ಣಾ ಅವರಿಗೆ ಅದು ಮೊದಲ ಚಿತ್ರ. ಚಿತ್ರ ತೆರೆಗೆ ಬರುವ ಮೊದಲೇ, 1984ರಲ್ಲಿ ತರಾಸು ತೀರಿಕೊಂಡರು. 1985ರ ಜೂನ್‌ನಲ್ಲಿ ಪುಟ್ಟಣ್ಣ ತೀರಿಕೊಂಡರು. ಉಳಿದ ಕೆಲಸವನ್ನು ಕೆ. ಎಸ್. ಎಲ್. ಸ್ವಾಮಿ ಮುಗಿಸಿದರು. ಬರೆದವರೂ ಕಟ್ಟಿದವರೂ ನೋಡದೆ ಹೋದ ಆ ಚಿತ್ರದಲ್ಲಿ ಜಯಂತಿ ತಮ್ಮ ಹಿಂದಿನ ಎಲ್ಲ ಠೀವಿಯನ್ನು ಕಳಚಿಟ್ಟಿದ್ದಾರೆ.

ಎಲೆ ಅಡಿಕೆ ಜಗಿಯುವ, ದುಡ್ಡು ಎಣಿಸುವ, ಬೈಯುವ, ನಡುವೆ ಒಮ್ಮೊಮ್ಮೆ ತಾಯಿಯಂತೆ ಮೃದುವಾಗುವ ಹೆಂಗಸು ಅವಳು. ಅವಳು ಶೋಷಿಸುವವಳು, ಅದಕ್ಕೂ ಮೊದಲು ಶೋಷಣೆಗೆ ಒಳಗಾದವಳು. ಈ ಎರಡನ್ನೂ ಒಂದೇ ಮೈಯಲ್ಲಿ ಇಟ್ಟುಕೊಳ್ಳುವುದು ಸುಲಭವಲ್ಲ. ಜಯಂತಿ ಅವಳಿಗಾಗಿ ಕ್ಷಮೆ ಬೇಡುವುದಿಲ್ಲ, ಅವಳನ್ನು ರಾಕ್ಷಸಿಯನ್ನಾಗಿಯೂ ಮಾಡುವುದಿಲ್ಲ. ಈ ಹೆಂಗಸು ಎಲ್ಲಿಂದ ಬಂದಳು ಎಂಬ ಪ್ರಶ್ನೆ ಪ್ರೇಕ್ಷಕನ ಗಂಟಲಲ್ಲಿ ಸಿಕ್ಕಿಕೊಳ್ಳುವಂತೆ ಮಾಡುತ್ತಾರೆ. ಅವಳ ಮನೆಯ ಬಾಗಿಲು ತಟ್ಟುವವರು ಊರಿನ ಗೌರವಸ್ಥರು. ಅವರನ್ನು ತಡೆಯಲು ಯಾವ ಕಿಂಡಿಯಲ್ಲೂ ಒನಕೆ ಹಿಡಿದವರಿಲ್ಲ. ನಾಯಕಿಯಾಗಿ ಹೆಸರು ಮಾಡಿದ ನಟಿಯೊಬ್ಬರು ನಲವತ್ತರ ವಯಸ್ಸಿನಲ್ಲಿ ಇಂಥ ಪಾತ್ರ ಒಪ್ಪಿದ್ದು ಈಜುಡುಗೆಗಿಂತ ನೂರು ಪಾಲು ದಿಟ್ಟವಾದ ಕೆಲಸ. ಆದರೆ ‘ದಿಟ್ಟ ನಟಿ’ ಎಂದು ಬರೆಯುವವರು ಇದನ್ನು ಹೆಸರಿಸುವುದು ಕಡಿಮೆ.

ಅನಂತರದ ದಶಕಗಳಲ್ಲಿ ಅವರಿಗೆ ಸಿಕ್ಕಿದ್ದು ಹೆಚ್ಚಾಗಿ ತಾಯಿಯ, ಅತ್ತೆಯ, ಅಜ್ಜಿಯ ಪಾತ್ರಗಳು. ಅವನ್ನು ಅವರು ಶ್ರದ್ಧೆಯಿಂದಲೇ ಮಾಡಿದರು. ಡಾ. ರಾಜ್‌ಕುಮಾರ್ ಪ್ರಶಸ್ತಿಯೂ ಬಂತು. ಆದರೆ ನಡುವಯಸ್ಸು ದಾಟಿದ ನಟಿಗೆ ಬರೆಯಬಲ್ಲ ಕೈಗಳು ನಮ್ಮ ಚಿತ್ರರಂಗದಲ್ಲಿ ಎಷ್ಟು ಕಡಿಮೆ ಎಂಬುದಕ್ಕೆ ಆ ವರ್ಷಗಳೇ ಸಾಕ್ಷಿ. ಗಿರೀಶ್ ಕಾಸರವಳ್ಳಿಯವರಂಥವರು ಬಂದ ಮೇಲೆ ಸ್ವಲ್ಪ ಬದಲಾವಣೆ ಕಂಡಿತು. ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆಯನ್ನಾಧರಿಸಿದ ‘ಹಸೀನಾ’ (2004) ಚಿತ್ರಕ್ಕಾಗಿ ತಾರಾ, ವೈದೇಹಿಯವರ ಕಥೆಯನ್ನಾಧರಿಸಿದ ‘ಗುಲಾಬಿ ಟಾಕೀಸ್’ (2008) ಚಿತ್ರಕ್ಕಾಗಿ ಉಮಾಶ್ರೀ ರಾಷ್ಟ್ರಮಟ್ಟದ ಶ್ರೇಷ್ಠ ನಟಿಯರಾದರು. ಇಬ್ಬರೂ ಮಾಡಿದ್ದು ಮುಸ್ಲಿಂ ಹೆಂಗಸರ ಪಾತ್ರಗಳನ್ನು. ಜಲೀಲನಿಂದ ಹಸೀನಾ ತನಕದ ದಾರಿ ಚಿಕ್ಕದೇನಲ್ಲ. ಹೊರಗಿನವರೆಂದು ಕಂಡವರ ಮನೆಯೊಳಗೆ ಕನ್ನಡದ ಕ್ಯಾಮೆರಾ ಹೋಗಿ ಕೂತು ಅಲ್ಲಿಯ ಹೆಣ್ಣಿನ ಅಳಲನ್ನು ಕೇಳಿಸಿಕೊಂಡಿತು. ಆ ಅಳಲಿಗೆ ಕಾರಣ ಹೊರಗಿನವರಲ್ಲ, ಮನೆಯ ಗಂಡಸೇ ಎಂಬುದನ್ನು ‘ಹಸೀನಾ’ ನಮಗೂ ಮುಲಾಜಿಲ್ಲದೆ ತೋರಿಸಿತು. ಅಲಮೇಲುವಿನ ಕಥೆಯನ್ನು ಬೇರೆಯವರ ಮನೆಯ ಕಥೆಯೆಂದು ನೋಡಿ ಎದ್ದು ಬರುವ ಸವಲತ್ತು ನಮಗೂ ಉಳಿಯಲಿಲ್ಲ.

ಜಯಂತಿಯವರಿಗೆ ಅಂಥದೊಂದು ಪಾತ್ರ ಅವರ ಹಣ್ಣಾದ ವಯಸ್ಸಿನಲ್ಲಿ ಸಿಗಲಿಲ್ಲ. ಮಾತಿಲ್ಲದ ಓಬವ್ವನಿಗೂ ಯಾರೂ ಇನ್ನೂ ಸರಿಯಾಗಿ ಮಾತು ಕೊಟ್ಟಿಲ್ಲ. ಹೊಸದುರ್ಗ ತಾಲೂಕಿನ ಸಾಣೇಹಳ್ಳಿಯಲ್ಲಿ ಶಿವಸಂಚಾರದ ಮೂಲಕ 1997ರಿಂದ ನಾಟಕಗಳು ಊರೂರು ತಿರುಗುತ್ತಿವೆ. ಹಳ್ಳಿಯ ಹೆಣ್ಣುಮಕ್ಕಳು ಅಲ್ಲಿ ರಂಗಕ್ಕೆ ಬರುತ್ತಿದ್ದಾರೆ. ಅದೇ ಜಿಲ್ಲೆಯ ಅಂಥ ರಂಗದ ಮೇಲೆ ಒಂದು ದಿನ ಓಬವ್ವ ತಾನೇ ಬಾಯಿ ತೆರೆದರೆ ಏನು ಹೇಳಿಯಾಳು? ಹೊರಗಿನ ಶತ್ರುವಿನ ಬಗ್ಗೆ ಹೇಳುವುದರ ಜೊತೆಗೆ ಕೋಟೆಯ ಒಳಗೆ ತನ್ನ ಕೇರಿ ಎಲ್ಲಿತ್ತು, ತನಗೆ ನೀರು ಎಲ್ಲಿಂದ ತರಬೇಕಿತ್ತು ಎಂಬುದನ್ನೂ ಹೇಳಿಯಾಳು.

ಅಲ್ಲಿಯವರೆಗೆ ನವೆಂಬರ್ 11ರಂದು ಓಬವ್ವನ ಹಾಡು ಹಾಕಲಿ, ಹುಡುಗಿಯರು ಒನಕೆ ಎತ್ತಲಿ. ಜೊತೆಗೆ ‘ಎಡಕಲ್ಲು ಗುಡ್ಡದ ಮೇಲೆ’ಯ ಮಾಧವಿಯನ್ನೂ ‘ಮಸಣದ ಹೂವಿ’ನ ಮನೆಯೊಡತಿಯನ್ನೂ ಒಮ್ಮೆ ನೋಡಲಿ. ಕಿಂಡಿಯನ್ನು ಕಾದ ಹೆಣ್ಣಿಗೆ ಪ್ರತಿಮೆ ನಿಲ್ಲಿಸುವುದು ಕಷ್ಟದ ಕೆಲಸವಲ್ಲ. ಮನೆಯೊಳಗಿನ ಕತ್ತಲೆಯನ್ನು ತೋರಿಸಿದ ಹೆಣ್ಣನ್ನು ನೆನಪಿಟ್ಟುಕೊಳ್ಳುವುದು ಕಷ್ಟ. ಜಯಂತಿ ಎರಡನ್ನೂ ಮಾಡಿದ ನಟಿ. ಅವರಿಗೆ ಸಲ್ಲಬೇಕಾದ ಗೌರವದಲ್ಲಿ ಅರ್ಧವನ್ನಷ್ಟೇ ನಾವು ಸಲ್ಲಿಸಿದ್ದೇವೆ.